ಯಾದಗಿರಿ ಪಾಳಿಯ ನೀರು

ಕಿಲೋಗೆ ನೂರೆಂಬತ್ತು ರೂಪಾಯಿ ಕೊಟ್ಟೆ, ಚೌಕಾಶಿ ಮಾಡಲಿಲ್ಲ. ದಿಲ್‌ಸುಖ್‌ನಗರದ ಆ ತಳ್ಳುಗಾಡಿಯವನಿಗೇ ಅನುಮಾನ ಬಂದು ನನ್ನ ಮುಖ ನೋಡಿದ. ಅದೇ ಗಾಡಿಯಲ್ಲಿ ಬೀಜವಿಲ್ಲದ ದ್ರಾಕ್ಷಿ ಎಂಬತ್ತಕ್ಕೆ ಸಿಗುತ್ತಿತ್ತು. ಮೂವತ್ತು ವರ್ಷ ಹಣ್ಣಿನ ವ್ಯಾಪಾರ ಮಾಡಿದವಳು ನಾನು. ತೋಟ ಇನ್ನೂ ಹೂವಿನಲ್ಲಿರುವಾಗಲೇ ಹೋಗಿ, ಬಳ್ಳಿ ನೋಡಿ, ಬಾವಿಗೆ ಬಗ್ಗಿ, ರೈತನ ಹೆಂಡತಿಯ ಕೈಯ ಚಹಾ ಕುಡಿದು, ಮಾತು ಮುಗಿಸಿ ಬರುವುದು ನನ್ನ ಕಸುಬು. ಹೇಳಿದ ದರಕ್ಕೇ ಕೊಂಡೆ ಅಂತ ಗೊತ್ತಾದರೆ ಮಾರ್ಕೆಟ್ಟಿನವರು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಆದರೂ ಕೊಟ್ಟೆ. ಗಾಡಿಯ ಮೂಲೆಯಲ್ಲಿ, ಗೋಣಿಯ ತುಂಡಿನ ಮೇಲೆ, ಅನಬ್-ಎ-ಶಾಹಿ ಇತ್ತು. ನೀಳವಾದ, ತೆಳು ಸಿಪ್ಪೆಯ, ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ಕಾಣುವ ಹಳೆಯ ಜಾತಿಯ ದ್ರಾಕ್ಷಿ. ಗೊಂಚಲು ಎತ್ತಿ ಮೂಗಿನ ಹತ್ತಿರ ತಂದೆ. ತೊಟ್ಟಿನ ಸಂದಿಯಲ್ಲಿ, ಬಳ್ಳಿಗೆ ಹೊಡೆಯುವ ಮೈಲುತುತ್ತದ ನೀಲಿ ಕಲೆ, ಒದ್ದೆ ಸುಣ್ಣ ಮತ್ತು ತಾಮ್ರ ಕೂಡಿದ ಆ ಒಗರು ವಾಸನೆ. ನೂರೆಂಬತ್ತು ಕೊಟ್ಟಿದ್ದು ಆ ವಾಸನೆಗೆ. ಹಣ್ಣು, ಸುಳ್ಳು ಯಾಕೆ ಹೇಳಲಿ, ಹುಳಿಯಾಗಿತ್ತು.

ಉಪ್ಪಲ್ ಅಂದರೆ ಈಗಿನವರಿಗೆ ಮೆಟ್ರೋ, ಕ್ರಿಕೆಟ್ ಮೈದಾನ. ನನ್ನ ಬಾಲ್ಯದಲ್ಲಿ ಊರು ಅಲ್ಲಿಗೆ ಮುಗಿಯುತ್ತಿತ್ತು. ತಾರ್ನಾಕದಲ್ಲಿ ನಮ್ಮ ಮನೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ದಸ್ತಾವೇಜು ಬರೆಯುವ ಗುಮಾಸ್ತ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ನಾನು ಬಸ್ಸು ಹತ್ತಿ ಉಪ್ಪಲ್‌ನಲ್ಲಿ ಇಳಿದು, ಕಲ್ಲುಬಂಡೆಗಳ ನಡುವಿನ ಕಾಲುದಾರಿಯಲ್ಲಿ ಒಂದೂವರೆ ಮೈಲಿ ನಡೆದು ನಾಗತ್ತೆಯ ತೋಟ ಸೇರುತ್ತಿದ್ದೆ. ನಾಗತ್ತೆ ಅಪ್ಪನ ಅಕ್ಕ. ಗುಲ್ಬರ್ಗಾ ಕಡೆಯಿಂದ ಲಗ್ನವಾಗಿ ಬಂದು, ಗಂಡ ತೀರಿಕೊಂಡ ಮೇಲೂ ಊರಿಗೆ ಮರಳದೆ, ಎರಡೂವರೆ ಎಕರೆಯಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆಸಿ ದ್ರಾಕ್ಷಿ ಚಪ್ಪರ ಹಬ್ಬಿಸಿದ ಹೆಂಗಸು. ಹೊರಗೆ ಮಾರ್ಚಿನ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಚಪ್ಪರದ ಕೆಳಗೆ ಹಸಿರು ನೆರಳು, ಒದ್ದೆ ಮಣ್ಣಿನ ತಂಪು, ತಲೆಗೆ ತಾಗುವ ಗೊಂಚಲುಗಳು. ನನ್ನ ಎತ್ತರದವರು ನೆಟ್ಟಗೆ ನಡೆಯಬಹುದಿತ್ತು, ದೊಡ್ಡವರು ಬಗ್ಗಬೇಕಿತ್ತು. ‘ನಮ್ಮ ತ್ವಾಟದಾಗ ಸಾಹೇಬ ಬಂದ್ರೂ ತೆಲಿ ಬಗ್ಗಸಬೇಕು ನೋಡು’ ಅಂತ ನಾಗತ್ತೆ ನಗುತ್ತಿದ್ದಳು. ಅವಳ ಸೀರೆ, ಕೂದಲು, ಅವಳು ಮಾಡಿದ ರೊಟ್ಟಿ ಕೂಡ ಮೈಲುತುತ್ತದ ವಾಸನೆ ಹೊಡೆಯುತ್ತಿತ್ತು. ಮಲಗುವಾಗ ಅವಳ ಬೆನ್ನಿಗೆ ಮುಖ ಒತ್ತಿದರೆ ಅದೇ ವಾಸನೆ. ನನಗೆ ಅದು ತವರಿನ ವಾಸನೆ.

ಬಾವಿ ಅವಳೊಬ್ಬಳದಲ್ಲ. ಬದುವಿನ ಆಚೆ ಯಾದಗಿರಿ ಅನ್ನುವ ತೆಲುಗು ರೈತನ ಹೊಲ. ಭತ್ತ, ಎರಡು ಎಮ್ಮೆ, ಹೆಂಡತಿ ಲಚ್ಚಮ್ಮ. ಎರಡು ಹೊಲದ ನಡುವೆ ಒಂದೇ ಬಾವಿ, ಒಂದೇ ಮೋಟರು, ಮೋಟರಿನ ನೀರು ಬೀಳುವ ಒಂದು ಕಲ್ಲಿನ ತೊಟ್ಟಿ. ತೊಟ್ಟಿಯಿಂದ ಎರಡು ಕಾಲುವೆ, ಎಡಕ್ಕೆ ಅವರದು, ಬಲಕ್ಕೆ ನಮ್ಮದು. ಒಂದರ ಬಾಯಿಗೆ ಗೋಣಿಚೀಲ ತುರುಕಿ ಮಣ್ಣು ಮೆತ್ತಿದರೆ ನೀರು ಇನ್ನೊಂದಕ್ಕೆ ಹರಿಯುತ್ತದೆ. ಇದರಲ್ಲಿ ಒಂದು ಪದ್ಧತಿ ಇತ್ತು, ಯಾರ ಕಾಲದ್ದೋ ಗೊತ್ತಿಲ್ಲ: ತನ್ನ ನೀರನ್ನು ತಾನೇ ಬಿಟ್ಟುಕೊಳ್ಳುವಂತಿಲ್ಲ. ಪಾಳಿ ಮುಗಿದವರೇ ತಮ್ಮ ಕಾಲುವೆ ಕಟ್ಟಿ, ತಮ್ಮ ಸಲಿಕೆಯಿಂದಲೇ ಎದುರಿನವರ ಕಾಲುವೆ ತೆರೆದುಕೊಡಬೇಕು. ಯಾದಗಿರಿ ನಮ್ಮ ಮಣ್ಣು ಸರಿಸಿ, ‘ನೀಳ್ಳು ಮೀವಿ ಅಕ್ಕಾ’ ಅನ್ನುತ್ತಿದ್ದ. ನೀರು ನಿಮ್ಮದು ಅಂತ ಅರ್ಥ. ನಾಗತ್ತೆ ಚಪ್ಪರದೊಳಗಿಂದಲೇ ‘ಬಂತಪಾ, ಬಂತು’ ಅಂತ ಕೂಗುತ್ತಿದ್ದಳು. ಅವಳು ಬಿಡುವಾಗ ಅವಳು ‘ನೀರು ನಿಂದು ತಮ್ಮಾ’ ಅನ್ನುವಳು, ಅವನು ‘ಒಚ್ಚಿಂದಿ’, ಬಂತು, ಅನ್ನುವನು. ಗಡಿಯಾರದ ಪ್ರಶ್ನೆಯೇ ಇರಲಿಲ್ಲ. ಅವನ ಎಂಟು ಮಡಿ ತುಂಬಿದರೆ ಅವನ ಪಾಳಿ ಮುಗಿಯಿತು, ನಮ್ಮ ಆರು ಸಾಲು ಬಳ್ಳಿ ನೆನೆದರೆ ನಮ್ಮದು. ಕರೆಂಟು ಹೋದರೆ ಪಾಳಿಯೂ ನಿಂತಲ್ಲೇ ನಿಲ್ಲುತ್ತಿತ್ತು. ಬಂದ ಮೇಲೆ ಅಲ್ಲಿಂದಲೇ ಮುಂದೆ. ಲಚ್ಚಮ್ಮ ಸಜ್ಜೆರೊಟ್ಟಿ ಕೊಟ್ಟು ಕಳಿಸುವಳು, ನಾಗತ್ತೆ ಶೇಂಗಾ ಹಿಂಡಿ. ಇಪ್ಪತ್ತು ವರ್ಷದಲ್ಲಿ ಯಾದಗಿರಿ ಅರ್ಧ ಕನ್ನಡ ಕಲಿತಿದ್ದ, ನಾಗತ್ತೆ ಅರ್ಧ ತೆಲುಗು. ಇಬ್ಬರೂ ಸೇರಿದರೆ ಒಂದು ಪೂರ್ತಿ ಭಾಷೆ ಆಗುತ್ತಿತ್ತು.

ನಾನು ಐದನೆಯ ತರಗತಿಯಲ್ಲಿದ್ದಾಗ ಮಳೆ ಕೈಕೊಟ್ಟಿತು. ಆರನೆಯ ತರಗತಿಯಲ್ಲೂ ಕೊಟ್ಟಿತು. ಬಾವಿಯ ಗೋಡೆಯಲ್ಲಿ ಪಾಚಿಯ ಗೆರೆ ಎಲ್ಲೋ ಮೇಲೆ ಉಳಿದು, ನೀರು ಎಲ್ಲೋ ಕೆಳಗೆ ಹೋಯಿತು. ಕಲ್ಲು ಎಸೆದರೆ ಸದ್ದು ಬರುವಷ್ಟರಲ್ಲಿ ಎರಡೆಣಿಸಬಹುದಿತ್ತು. ಕರೆಂಟು ದಿನಕ್ಕೆ ಮೂರೋ ನಾಲ್ಕೋ ತಾಸು, ಅದೂ ಹೇಳಿದ ಹೊತ್ತಿಗೆ ಬಂದರೆ ಪುಣ್ಯ. ಆಗ ಶುರುವಾಯಿತು ಎಣಿಕೆ. ಯಾದಗಿರಿ ಎಂಟಲ್ಲ, ಹತ್ತು ಮಡಿಗೆ ನೀರು ಕಟ್ಟುತ್ತಾನೆ ಅಂತ ನಾಗತ್ತೆಗೆ ಅನ್ನಿಸಿತು. ಅಕ್ಕ ಹೊಸದಾಗಿ ಅರ್ಧ ಸಾಲು ಬಳ್ಳಿ ನೆಟ್ಟಿದ್ದನ್ನು ಅವನು ಕಂಡಿದ್ದ. ಇಬ್ಬರದೂ ನಿಜವೇ. ನೆರೆಹೊರೆಯ ಜಗಳದಲ್ಲಿ ಸುಳ್ಳು ಹೇಳುವವರು ಕಡಿಮೆ, ನನ್ನ ಅನುಭವದಲ್ಲಿ ಇಬ್ಬರೂ ನಿಜ ಹೇಳುವಾಗಲೇ ತಲೆ ಒಡೆಯುವುದು. ಇನ್ನೂ ಜಗಳ ಆಗಿರಲಿಲ್ಲ. ‘ಒಚ್ಚಿಂದಿ’ ಅನ್ನುವ ಮಾತು ಸ್ವಲ್ಪ ತಡವಾಗಿ ಬರತೊಡಗಿತ್ತು, ಅಷ್ಟೇ.

ಒಂದು ಭಾನುವಾರ ಅಪ್ಪ ತೋಟಕ್ಕೆ ಬಂದರು. ಕಾಲುವೆಯ ಬಾಯಲ್ಲಿ ನಿಂತು ಅಕ್ಕನ ಮಾತೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ‘ಬಾಯಿಮಾತು ಕೋರ್ಟಿನ್ಯಾಗ ನಿಲ್ಲಂಗಿಲ್ಲಕ್ಕಾ. ಒಂದು ಕಾಗದ ಮಾಡಿಬಿಡೋಣ. ನಿನಗೂ ಚಲೋ, ಅವಂಗೂ ಚಲೋ’ ಅಂದರು. ನಮ್ಮದು ಮೂರು ತಲೆಮಾರಿನ ನೌಕರಿಯ ಮನೆತನ. ಕಾಗದ ಇದ್ದರೆ ಎಲ್ಲ ಇದೆ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವುದು ನಮಗೆ ದೇವರಿಗಿಂತ ದೊಡ್ಡ ನಂಬಿಕೆ. ನಾಗತ್ತೆಗೆ ಮನಸ್ಸಿರಲಿಲ್ಲ. ‘ಅಂವ ಏನ್ ಅಂದುಕೋತಾನೋ’ ಅಂದಳು. ಆದರೆ ಓದಿದ ತಮ್ಮ, ಕಚೇರಿಯ ತಮ್ಮ. ಅವನ ಮಾತು ತೆಗೆದುಹಾಕುವುದಾದರೂ ಹೇಗೆ? ಮುಂದಿನ ಭಾನುವಾರ ಅಪ್ಪ ಛಾಪಾ ಕಾಗದದ ಮೇಲೆ ತೆಲುಗಿನಲ್ಲಿ ದುಂಡಗೆ ಬರೆದುಕೊಂಡೇ ಬಂದರು. ಬೇವಿನ ಮರದ ಕೆಳಗೆ ಗೋಣಿ ಹಾಸಿ ಎಲ್ಲರೂ ಕುಳಿತರು. ಯಾದಗಿರಿ ಆ ಕಾಗದವನ್ನು ಮುಟ್ಟಲಿಲ್ಲ; ನಾಗತ್ತೆಯನ್ನು ನೋಡಿ, ‘ಮನಕು ಕಾಯಿದಮಾ ಅಕ್ಕಾ?’ ಅಂದ. ನಮ್ಮಿಬ್ಬರ ನಡುವೆ ಕಾಗದವೇ? ನಾಗತ್ತೆ ಸೆರಗಿನ ಅಂಚು ಹೊಸೆಯುತ್ತ, ‘ಬರಗಾಲ ತಮ್ಮಾ, ಇಬ್ಬರಿಗೂ ಒಂದು ಲೆಕ್ಕ ಇರಲಿ ಅಂತ’ ಅಂದಳು. ಅವನು ನಕ್ಕು ಅಪ್ಪನ ಕಡೆ ತಿರುಗಿದ. ‘ಸಾರು, ನೀರಿಗೆ ಓದಾಕ ಬರ್ತದಾ?’ ಅಪ್ಪನೂ ನಕ್ಕರು. ‘ನೀರಿಗೆ ಬರಂಗಿಲ್ಲ ಯಾದಗಿರಿ, ಜಡ್ಜ್ ಸಾಹೇಬ್ರಿಗೆ ಬರ್ತೈತಿ.’

ಕಾಗದದಲ್ಲಿ ಇದ್ದದ್ದು ಇಷ್ಟು. ಬಾವಿಯಲ್ಲಿ ಇಬ್ಬರಿಗೂ ಸಮಪಾಲು. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಯಾದಗಿರಿಯ ನೀರು, ಹನ್ನೆರಡರಿಂದ ಸಂಜೆ ಆರರವರೆಗೆ ನಾಗತ್ತೆಯದು. ಎಮ್ಮೆಗಳಿಗೆ ಬೆಳಿಗ್ಗೆಯೇ ನೀರು ಬೇಕು ಅಂತ ಬೆಳಗಿನ ಪಾಳಿಯನ್ನು ಅವನಿಗೆ ಬಿಟ್ಟುಕೊಟ್ಟವಳು ನಾಗತ್ತೆಯೇ. ಕೊನೆಯಲ್ಲಿ ಒಂದು ಸಾಲು: ಉಭಯ ಪಕ್ಷದವರೂ ತಮ್ಮ ತಮ್ಮ ಪಾಲನ್ನು ಅನುಭವಿಸಲು, ದಾನ ಮಾಡಲು, ಮಾರಲು ಹಕ್ಕುದಾರರು. ಆ ಸಾಲನ್ನು ಯಾರೂ ಕೇಳಿರಲಿಲ್ಲ. ಅಪ್ಪ ಇಪ್ಪತ್ತು ವರ್ಷ ಹೊಲಮನೆಗಳ ದಸ್ತಾವೇಜು ಬರೆದವರು. ಆ ಸಾಲಿಲ್ಲದೆ ಕಾಗದ ಮುಗಿಸಲು ಅವರ ಕೈಗೆ ಬರುತ್ತಿರಲಿಲ್ಲ, ಅಷ್ಟೇ. ಯಾದಗಿರಿ ಸಹಿ ಮಾಡಿದ. ನಾಗತ್ತೆ ಹೆಬ್ಬೆಟ್ಟು ಒತ್ತಿದಳು. ಅಪ್ಪ ತಮ್ಮ ಹಳೆಯ ಕೈಗಡಿಯಾರವನ್ನು ಬಿಚ್ಚಿ, ಪಟ್ಟಿಗೆ ಇನ್ನೊಂದು ತೂತು ಮಾಡಿ, ನನ್ನ ಕೈಗೆ ಕಟ್ಟಿದರು. ‘ನಿಮ್ಮ ಅತ್ತೀಗೆ ಟೈಮ್ ನೋಡಾಕ ಬರಂಗಿಲ್ಲ. ಬಂದಾಗ ನೀ ನೋಡಿ ಹೇಳು’ ಅಂದರು. ನನಗೆ ಹನ್ನೊಂದು ವರ್ಷ. ಕಾಗದವನ್ನು ನಾನು ಮೂರು ಸಲ ಓದಿಕೊಂಡೆ, ತೆಲುಗು ನನಗೆ ಶಾಲೆಯ ಭಾಷೆ. ಅವತ್ತಿನಿಂದ ಆ ಬಾವಿಗೆ ನಾನೇ ವಕೀಲಳಾದೆ.

ಕಾಗದವಾದ ಮೇಲೆ, ಮಾರ್ಚಿನ ಒಂದು ಭಾನುವಾರ. ದ್ರಾಕ್ಷಿಗೆ ನೀರು ತುಂಬುವ ಹೊತ್ತು, ಕೊಯ್ಲಿಗೆ ಮೂರು ವಾರ. ಈ ಮೂರು ವಾರ ಬೇರು ಒಣಗಿದರೆ ಹಣ್ಣು ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ವರ್ಷದ ದುಡಿಮೆ ಆಡಿನ ಪಾಲು. ಯಾದಗಿರಿಯ ಭತ್ತಕ್ಕೂ ಅದೇ ಹೊತ್ತು: ತೆನೆ ಹೊರಬಿದ್ದು ಹಾಲು ಕಟ್ಟುವ ದಿನಗಳು. ಈಗ ನೀರು ತಪ್ಪಿದರೆ ತೆನೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಬೆಳಿಗ್ಗೆ ಆರರಿಂದ ಕರೆಂಟು ಇರಲಿಲ್ಲ. ಯಾದಗಿರಿ ಮೋಟರಿನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಏಳಾಯಿತು, ಒಂಬತ್ತಾಯಿತು. ಲಚ್ಚಮ್ಮ ಬಂದು ಹೋದಳು. ಹನ್ನೊಂದಕ್ಕೆ ಅವನು ಎದ್ದು ಭತ್ತದ ನಡುವೆ ಒಂದು ಸುತ್ತು ಹಾಕಿ ಬಂದು ಮತ್ತೆ ಕೂತ. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತು ಗಡಿಯಾರವನ್ನೂ ಅವನ ಬೆನ್ನನ್ನೂ ನೋಡುತ್ತಿದ್ದೆ. ನಾಗತ್ತೆ ಚಪ್ಪರದ ಕೆಳಗೆ ಗೊಂಚಲುಗಳನ್ನು ಅಂಗೈಯಲ್ಲಿ ತೂಗಿ ತೂಗಿ ನೋಡುತ್ತಿದ್ದಳು. ಎರಡು ದಿನದಿಂದ ನಮ್ಮ ಪಾಳಿಯಲ್ಲೂ ಕರೆಂಟು ಅರ್ಧ ಗಂಟೆಗಿಂತ ಹೆಚ್ಚು ನಿಂತಿರಲಿಲ್ಲ. ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಗೂಡಿನ ದೀಪ ಹತ್ತಿತು. ಯಾದಗಿರಿ ಮೋಟರು ಹಾಕಿ, ಸಲಿಕೆ ಹೆಗಲಿಗಿಟ್ಟು, ನೀರನ್ನು ಎದುರುಗೊಳ್ಳಲು ಹೊಲದ ಆಚೆ ತುದಿಗೆ ಓಡಿದ. ಒಣಗಿ ಬಿರುಕು ಬಿಟ್ಟ ಕಾಲುವೆ ನೀರನ್ನೆಲ್ಲ ಹೀರುತ್ತ, ಬುಸುಗುಡುತ್ತ ಇತ್ತು. ಮೊದಲ ಮಡಿಯವರೆಗೂ ನೀರು ಮುಟ್ಟಿರಲಿಲ್ಲ. ನನ್ನ ಗಡಿಯಾರದಲ್ಲಿ ಹನ್ನೆರಡಾಯಿತು.

ನಾನು ಕಟ್ಟೆಯಿಂದ ಇಳಿದೆ. ಯಾರೂ ಹೇಳಲಿಲ್ಲ, ಅದನ್ನು ಸ್ಪಷ್ಟ ಮಾಡಿಬಿಡುತ್ತೇನೆ. ಗೋಣಿಚೀಲ ಎಳೆದು ಯಾದಗಿರಿಯ ಕಾಲುವೆಯ ಬಾಯಿಗೆ ತುರುಕಿದೆ, ಕಾಲಲ್ಲಿ ಮಣ್ಣು ತಳ್ಳಿದೆ, ಎರಡೂ ಕೈಯಿಂದ ನಮ್ಮ ಕಾಲುವೆಯ ಮಣ್ಣು ಬಗೆದೆ. ನೀರು ಬಲಕ್ಕೆ ತಿರುಗಿತು. ತಣ್ಣಗೆ ನನ್ನ ಬೆರಳುಗಳ ನಡುವೆ ನುಗ್ಗಿ, ಚಪ್ಪರದ ನೆರಳಿನೊಳಗೆ ಹೋಯಿತು. ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಬರೆಯಲು ಈಗಲೂ ನಾಚಿಕೆ. ಸ್ವಲ್ಪ ಹೊತ್ತಿಗೆ ಯಾದಗಿರಿ ತನ್ನ ಕಾಲುವೆಯ ಅಂಚಿನಲ್ಲೇ ನಡೆಯುತ್ತ ಬಂದ. ನೀರು ಎಲ್ಲಿ ಒಡೆದು ಹೋಗಿದೆ ಅಂತ ಬಗ್ಗಿ ಬಗ್ಗಿ ಹುಡುಕುತ್ತ ಬರುತ್ತಿದ್ದ. ಇಲಿಯ ಬಿಲವೋ ಏನೋ ಅಂದುಕೊಂಡಿರಬೇಕು. ಯಾರಾದರೂ ತಿರುಗಿಸಿರುತ್ತಾರೆ ಅಂತ ಅವನಿಗೆ ಹೊಳೆದೇ ಇರಲಿಲ್ಲ. ತೊಟ್ಟಿಯ ಹತ್ತಿರ ಬಂದು, ಮಣ್ಣಾದ ನನ್ನ ಕೈ ನೋಡಿದ.

‘ನೀರು ಯಾರು ತಿರುಗಿಸಿದ್ರು ಪಾಪಾ?’

‘ಹನ್ನೆರಡು ಆಯ್ತು’ ಅಂತ ನಾನು ಗಡಿಯಾರ ಎತ್ತಿ ತೋರಿಸಿದೆ.

ಅವನು ಗಡಿಯಾರ ನೋಡಲಿಲ್ಲ. ‘ಅಕ್ಕಾ!’ ಅಂತ ಕೂಗಿದ. ಆ ಕೂಗಿಗೆ ಲಚ್ಚಮ್ಮನೂ ಬದುವಿನ ಮೇಲೆ ಬಂದು ನಿಂತಳು. ನಾಗತ್ತೆ ಚಪ್ಪರದಿಂದ ಬಗ್ಗಿ ಹೊರಬಂದಳು, ಸೀರೆಯ ಅಂಚು ಒದ್ದೆ. ಅವಳ ಕಾಲಿಗೆ ನೀರು ಮುಟ್ಟಿತ್ತು, ಯಾದಗಿರಿಯೇ ಬಿಟ್ಟನೆಂದು ‘ಬಂತಪಾ, ಬಂತು’ ಅಂತ ಒಳಗಿಂದ ಅಂದೂ ಇದ್ದಳಂತೆ. ಈಗ ನೋಡಿದಳು: ತುರುಕಿದ ಚೀಲ, ನನ್ನ ಕೈ, ಅವನ ಒಣ ಸಲಿಕೆ.

‘ನನ್ನ ಒಂದು ಮಡೀನೂ ನೆಂದಿಲ್ಲಕ್ಕಾ,’ ಅಂದ ಯಾದಗಿರಿ. ದನಿ ಏರಿಸಲಿಲ್ಲ. ‘ಮುಂಜಾನಿಂದ ಕರೆಂಟು ಕಾಯಾಕತ್ತೀನಿ. ಏಳು ನಿಮಿಷ ಬಂತು. ನೀನ ಹೇಳು. ಇದು ಯಾರ ನೀರು?’

ಅವನು ಸಲಿಕೆಯನ್ನು ಕೈ ಬದಲಿಸಿದ. ನನಗೆ ಭಯವಾಯಿತು. ಸುತ್ತ ಹಳ್ಳಿಗಳಲ್ಲಿ ಆ ಬೇಸಿಗೆ ಸಲಿಕೆಯಿಂದ ಹೊಡೆದಾಡಿದ ಸುದ್ದಿ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಲಚ್ಚಮ್ಮ ಬದುವಿನಿಂದಲೇ ‘ಯಾದಗಿರೀ’ ಅಂದಳು, ಗಂಡನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮೋಟರು ಗುಯ್ಗುಡುತ್ತಲೇ ಇತ್ತು, ನೀರು ಹರಿಯುತ್ತಲೇ ಇತ್ತು. ನಾಗತ್ತೆ ತಿರುಗಿ ಚಪ್ಪರದ ಕಡೆ ನೋಡಿದಳು. ಮೊದಲ ಸಾಲಿನ ಬುಡದಲ್ಲಿ ನೀರು ಕಪ್ಪಗೆ ಹರಡುತ್ತಿತ್ತು, ಅದರ ಮೇಲೆ ಗೊಂಚಲುಗಳು ಅಲ್ಲಾಡದೆ ಜೋತುಬಿದ್ದಿದ್ದವು. ಆ ನೋಟ ಬಹಳ ಹೊತ್ತಿನದಲ್ಲ. ನಾನು ಗಡಿಯಾರ ಕಟ್ಟಿದವಳು, ಹೇಳುತ್ತೇನೆ, ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಆ ಅರ್ಧ ನಿಮಿಷದಲ್ಲಿ ಅವಳು ಚೀಲ ಕಿತ್ತು ಆ ಕಡೆ ಹಾಕಿದ್ದರೆ ಇಪ್ಪತ್ತು ವರ್ಷದ ನೆರೆತನ ಉಳಿಯುತ್ತಿತ್ತು. ಹಾಕುತ್ತಾಳೆ ಅಂತ ನನಗೂ ಅನ್ನಿಸಿತು, ಬೈಯುತ್ತಾಳೆ ಅಂತ ಕಿವಿ ಕೂಡ ಮುದುರಿಕೊಂಡೆ.

‘ಕಾಗದದಾಗ ಹನ್ನೆರಡು ಅಂತ ಐತಿ, ಯಾದಗಿರಿ’ ಅಂದಳು.

ತಮ್ಮಾ ಅನ್ನಲಿಲ್ಲ. ಅವನು ತಲೆಯಾಡಿಸಿದ, ಅರ್ಥವಾಯಿತು ಅನ್ನುವಂತೆ. ಆಮೇಲೆ ನಮ್ಮ ಕಾಲುವೆಯ ಬಾಯಿಗೆ ಬಂದು, ನಾನು ಕೈಯಿಂದ ಬಗೆದ ಇಕ್ಕಟ್ಟಾದ ಜಾಗವನ್ನು ತನ್ನ ಸಲಿಕೆಯಿಂದ ನೀಟಾಗಿ ಅಗಲ ಮಾಡಿದ. ಅಂಚಿನ ಮಣ್ಣನ್ನು ತಟ್ಟಿ ಗಟ್ಟಿ ಮಾಡಿದ. ನೀರು ದಪ್ಪವಾಗಿ ಹರಿಯಿತು. ‘ನೀಳ್ಳು ಮೀವಿ ಅಕ್ಕಾ’ ಅಂದ. ‘ಬಂತಪಾ’ ಅನ್ನಬೇಕಿದ್ದ ನಾಗತ್ತೆ ಬಗ್ಗಿ ಚಪ್ಪರದೊಳಗೆ ಹೋದಳು. ಅವನು ಸಲಿಕೆ ಎತ್ತಿಕೊಂಡು ಒಣ ಕಾಲುವೆಯ ನಡುವೆಯೇ ನಡೆದು ಹೋದ.

ನೀರು ನಿಮ್ಮದು ಅನ್ನುವ ಆ ಮಾತನ್ನು ಆ ಬಾವಿಯ ಹತ್ತಿರ ಮತ್ತೆ ಯಾರೂ ಆಡಲಿಲ್ಲ. ಅಲ್ಲಿಂದ ಮುಂದೆ ಗಡಿಯಾರವೇ ಪಾಳಿ ಕೊಟ್ಟಿತು. ಅವರೂ ಒಂದು ಅಲಾರಂ ಗಡಿಯಾರ ತಂದು ಮೋಟರಿನ ಗೂಡಿನಲ್ಲಿಟ್ಟರು. ಅದು ಕಿರುಚಿದಾಗ ಒಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ಬಂದು, ಮುಖ ನೋಡದೆ, ತಮ್ಮ ನೀರನ್ನು ತಾವೇ ತಿರುಗಿಸಿಕೊಂಡು ಹೋಗುತ್ತಿದ್ದರು. ಸಜ್ಜೆರೊಟ್ಟಿ ನಿಂತಿತು. ಆ ವರ್ಷ ನಮ್ಮ ದ್ರಾಕ್ಷಿ ಎಂದೂ ಇಲ್ಲದಷ್ಟು ಸಿಹಿಯಾಗಿತ್ತು. ಯಾದಗಿರಿಯ ಭತ್ತ ಅರ್ಧಕ್ಕರ್ಧ ಜಳ್ಳು. ಲಚ್ಚಮ್ಮ ತೂರುತ್ತಿದ್ದರೆ ಜಳ್ಳು ಗಾಳಿಗೆ ಹಾರಿ ಬದು ದಾಟಿ ನಮ್ಮ ಚಪ್ಪರದ ಮೇಲೆ ಬಂದು ಕೂರುತ್ತಿತ್ತು, ನಾಗತ್ತೆ ಒಂದೊಂದೇ ಎಲೆ ಕೊಡವುತ್ತಿದ್ದಳು. ಅವಳು ರಾಶಿಯ ದಿನ ಒಂದು ಬುಟ್ಟಿ ದ್ರಾಕ್ಷಿ ತುಂಬಿ, ಮೇಲೆ ಎಲೆ ಮುಚ್ಚಿ, ಬದುವಿನ ತನಕ ಒಯ್ದು, ಅಲ್ಲಿ ನಿಂತು, ವಾಪಸು ತಂದಳು. ‘ತಗೊಳ್ಳಲಿಲ್ಲಂದ್ರ?’ ಅಂದಳು ನನಗೆ.

ಮೇ ತಿಂಗಳ ರಜೆಯಲ್ಲಿ ನಾನು ಅಲ್ಲೇ ಇದ್ದೆ. ಒಂದು ದಿನ ಯಾದಗಿರಿಯ ಮನೆಯ ಮುಂದೆ ಜೀಪು ನಿಂತಿತು. ಊರಲ್ಲಿ ನೀರಿಗೆ ಹಾಹಾಕಾರ ಎದ್ದಿದ್ದ ಬೇಸಿಗೆ; ಟ್ಯಾಂಕರಿನಲ್ಲಿ ನೀರು ಮಾರುವ ಒಬ್ಬ ಮನುಷ್ಯ ಸುತ್ತಲಿನ ಬಾವಿಗಳನ್ನು ನೋಡುತ್ತ ಬಂದಿದ್ದ. ಮರುದಿನವೂ ಜೀಪು ಬಂತು. ನಾಗತ್ತೆ ಅಂಗಳದಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಎರಡು ಸಲ ಎದ್ದು ಚಪ್ಪಲಿ ಹಾಕಿಕೊಂಡಳು. ‘ಹೋಗಿ ಒಂದು ಮಾತು ಕೇಳಿ ಬರ್ಲ್ಯಾ?’ ಅಂದಳು. ನಾನು ಆಗಲೇ ಸಲಹೆ ಕೊಡುವವಳಾಗಿದ್ದೆ. ‘ಬ್ಯಾಡತ್ತೀ. ನಮ್ಮ ಕಾಗದ ಗಟ್ಟಿ ಐತಿ. ಅವರಿಗೇನರ ಹೇಳೋದಿದ್ರ ಅವರ ಬರ್ಲಿ’ ಅಂದೆ. ಅವಳು ಚಪ್ಪಲಿ ಬಿಟ್ಟಳು. ‘ಹೌದಲ್ಲ, ಅಂವ ಬಂದು ಹೇಳ್ಲಿ’ ಅಂದಳು. ಮೂರನೆಯ ದಿನ ಜೀಪಿನ ಹಿಂದೆ ಲಾರಿಯಲ್ಲಿ ಒಂದು ಡೀಸೆಲ್ ಎಂಜಿನ್ ಬಂದು ಬಾವಿಯ ಎಡದಂಡೆಯಲ್ಲಿ ಇಳಿಯಿತು.

ಯಾದಗಿರಿ ಹೊಲ ಮಾರಿರಲಿಲ್ಲ, ಬಾವಿಯ ಪಾಲನ್ನು ಮಾತ್ರ ಮಾರಿದ್ದ. ಟ್ಯಾಂಕರಿನವನನ್ನು ನಾನು ಬೈಯಲಾರೆ. ಅವನು ಕಾಗದಕ್ಕೆ ಒಂದು ನಿಮಿಷ ತಪ್ಪಲಿಲ್ಲ. ಬೆಳಿಗ್ಗೆ ಆರಕ್ಕೆ ಎಂಜಿನ್ ಹಾಕುವನು, ಕರೆಂಟಿನ ಹಂಗಿಲ್ಲ, ಹನ್ನೆರಡಕ್ಕೆ ಸರಿಯಾಗಿ ನಿಲ್ಲಿಸುವನು. ಹನ್ನೆರಡಕ್ಕೆ ಬಾವಿಯಲ್ಲಿ ಕೆಸರು. ಸಂಜೆ ಆರರವರೆಗೆ ಆ ಕೆಸರೆಲ್ಲ ನಮ್ಮದೇ. ಅಪ್ಪ ಓಡಿ ಬಂದರು. ಟ್ಯಾಂಕರಿನವನು ಮರ್ಯಾದೆಯಿಂದ ಕುರ್ಚಿ ಹಾಕಿ ಕೂರಿಸಿ, ಯಾದಗಿರಿಯಿಂದ ಪಡೆದ ಪ್ರತಿಯನ್ನು ಮುಂದಿಟ್ಟ. ಅಪ್ಪ ಕೊನೆಯ ಸಾಲಿನವರೆಗೂ ಓದಿದರು, ತಮ್ಮದೇ ದುಂಡಕ್ಷರ. ‘ಸಾರ್, ಬಹಳ ಪಕ್ಕಾ ಬರೆದಿದೀರಿ’ ಅಂದ ಅವನು, ಕುಹಕವಿಲ್ಲದೆ. ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಕೋರ್ಟಿಗೆ ಹೋಗುವ ಮಾತು ಎರಡು ದಿನ ನಡೆಯಿತು, ಆದರೆ ಕೋರ್ಟಿನಲ್ಲಿ ನಿಲ್ಲುವಂತೆ ಬರೆದವರು ನಾವೇ ಆಗಿದ್ದೆವು. ಆ ಮಳೆಗಾಲವೂ ಪೊಳ್ಳಾಯಿತು. ಅಕ್ಟೋಬರಿನಲ್ಲಿ ನಾಗತ್ತೆ ಬಳ್ಳಿ ಕತ್ತರಿಸಿದಾಗ ಗಾಯದಿಂದ ನೀರು ಜಿನುಗಲಿಲ್ಲ. ದ್ರಾಕ್ಷಿಬಳ್ಳಿ ಕತ್ತರಿಸಿದರೆ ಅಳಬೇಕು. ಅಳದಿದ್ದರೆ ಬೇರು ಸತ್ತಿದೆ ಅಂತ ತಿಳಿಯಿರಿ. ಅವಳು ಕತ್ತರಿ ಒರೆಸಿ ಮಾಡಿಗೆ ಸಿಕ್ಕಿಸಿ, ಒಂದು ಟ್ರಂಕು ತೆಗೆದುಕೊಂಡು ತಾರ್ನಾಕಕ್ಕೆ ಬಂದಳು.

ಅವಳು ನಮ್ಮ ಮನೆಯಲ್ಲಿ ಹಿತ್ತಲಿನ ಕೋಣೆಯಲ್ಲಿ ಇರುತ್ತಿದ್ದಳು, ಯಾವ ಕೆಲಸಕ್ಕೂ ಅವಳ ಕೈ ಹೊಂದುತ್ತಿರಲಿಲ್ಲ. ಮುಂದಿನ ಬೇಸಿಗೆ ನಮ್ಮ ಬೀದಿಗೂ ನಲ್ಲಿ ನೀರು ನಿಂತು ಟ್ಯಾಂಕರು ಬರತೊಡಗಿತು. ಬಿಂದಿಗೆ, ಬಕೆಟ್ಟು, ಎಣ್ಣೆಡಬ್ಬಿ, ಎಲ್ಲದರ ಸಾಲು, ಸಾಲಿನಲ್ಲಿ ತೆಲುಗು, ಉರ್ದು, ಕನ್ನಡ, ಎಲ್ಲ ಭಾಷೆಯ ಬೈಗುಳ. ಒಂದು ದಿನ ನಾನೂ ಅವ್ವನೂ ತುಂಬಿ ತಂದ ಕೊಡದಿಂದ ನಾಗತ್ತೆ ಒಂದು ಲೋಟ ಬಗ್ಗಿಸಿಕೊಂಡು ಕುಡಿದಳು. ಕುಡಿದವಳು ಸ್ವಲ್ಪ ಹೊತ್ತು ನಾಲಿಗೆಯಲ್ಲಿ ತಡೆದು, ಎದ್ದು, ಬೀದಿಗೆ ಬಂದು, ಡ್ರೈವರನ್ನು ಕೇಳಿದಳು: ‘ಎಲ್ಲಿ ತುಂಬಿಸಿಕೊಂಡು ಬಂದ್ಯಪಾ?’ ಅವನು ಉಪ್ಪಲ್ ಆಚೆಯ ಬಾವಿ ಅಂದ. ‘ಎಷ್ಟೊತ್ತಿಗೆ?’ ‘ಏಳಕ್ಕಮ್ಮಾ, ತಾಜಾ ನೀರು.’ ಅವಳು ಒಳಗೆ ಬಂದು ಉಳಿದ ನೀರನ್ನು ಚೆಲ್ಲದೆ ಕೊನೆಯ ಗುಟುಕಿನವರೆಗೂ ಕುಡಿದಳು. ‘ಮುಂಜಾನಿ ಏಳು ಅಂದ್ರ ಯಾದಗಿರಿ ಪಾಳೀದು,’ ಅಂದಳು ಅವ್ವನಿಗೆ, ‘ಅಂವನ ನೀರು ಇವತ್ತೂ ಕುಡದ್ನಿ ನೋಡು.’ ಅವ್ವ ಅಳತೊಡಗಿದಳು. ನಾನು ಅಳಲಿಲ್ಲ, ಗಡಿಯಾರವನ್ನು ಬಿಚ್ಚಿ ಅಪ್ಪನ ಮೇಜಿನ ಮೇಲಿಟ್ಟೆ.

ನಾಗತ್ತೆ ನಾಲ್ಕು ವರ್ಷ ಬದುಕಿದಳು. ಅವಳು ತೀರಿಕೊಂಡ ಮೇಲೆ, ನಾನು ಹಣ್ಣಿನ ವ್ಯಾಪಾರಕ್ಕೆ ಇಳಿದ ಮೊದಲ ವರ್ಷ, ದಿಲ್‌ಸುಖ್‌ನಗರದ ಬಸ್ಸಿನಲ್ಲಿ ಲಚ್ಚಮ್ಮ ಸಿಕ್ಕಳು. ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅಕ್ಕ ಹೋದಳು ಅಂದಾಗ ಕೈ ಬಾಯಿಗಿಟ್ಟುಕೊಂಡಳು. ಆಮೇಲೆ ತೆಲುಗಿನಲ್ಲಿ ಹೇಳಿದಳು: ಜೀಪು ಬಂದ ಮೊದಲ ದಿನ ಯಾದಗಿರಿ ಆಗಲಿ ಅಂದಿರಲಿಲ್ಲ. ‘ಅಕ್ಕ ಬರುತ್ತಾಳೆ, ಬಂದು ಬೇಡ ಅನ್ನುತ್ತಾಳೆ, ಅಂದರೆ ಬೇಡ’ ಅಂತ ಆ ಮನುಷ್ಯನನ್ನು ಎರಡು ದಿನ ಕಾಯಿಸಿದ್ದ. ಬಾಗಿಲಲ್ಲಿ ಕೂತು ಬದುವಿನ ಕಡೆ ನೋಡುತ್ತಿದ್ದನಂತೆ. ಲಚ್ಚಮ್ಮ ಹೋಗಿ ಕರೆಯಲಾ ಅಂದಳಂತೆ. ‘ಕಾಗದ ಮಾಡಿಸಿದವರು ಅವರು, ಅವರೇ ಬರಲಿ’ ಅಂದನಂತೆ. ‘ನಿಮ್ಮತ್ತೆ ಯಾಕೆ ಬರಲಿಲ್ಲ ಪಾಪಾ?’ ಅಂತ ಅವಳು ನನ್ನ ಮುಖವನ್ನೇ ನೋಡಿದಳು. ಯಾಕೆ ಬರಲಿಲ್ಲ ಅಂತ ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೆ. ನನ್ನ ಸ್ಟಾಪು ಬಂತು ಅಂತ ಹೇಳಿ, ನನ್ನದಲ್ಲದ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಆ ಬಾವಿ ಮುಚ್ಚಿ ಅದರ ಮೇಲೆ ನಾಲ್ಕು ಅಂತಸ್ತು ಎದ್ದಿದೆ. ಕಲ್ಲುಕಂಬಗಳನ್ನು ಯಾರೋ ಕಾಂಪೌಂಡಿಗೆ ಬಳಸಿದ್ದಾರೆ. ಬೇವಿನ ಮರ ಎಲ್ಲಿತ್ತು ಅಂತ ನಿಂತು ಅಳತೆ ಹಾಕಿದೆ, ಸಿಗಲಿಲ್ಲ. ಅಷ್ಟು ಬಿಟ್ಟರೆ ತೋರಿಸಲು ಏನೂ ಇಲ್ಲ. ಆದರೆ ನೀವು, ಇ‍ದನ್ನು ಓದುತ್ತಿರುವವರು, ಪಾಲು ಬಾವಿಯವರೋ, ಒಂದೇ ಬೋರಿನ ನಾಲ್ಕು ಮನೆಯವರೋ, ಅಣ್ಣತಮ್ಮಂದಿರ ನಡುವೆ ಒಂದೇ ನಲ್ಲಿಯವರೋ ಆಗಿದ್ದರೆ, ನನ್ನ ಮಾತು ಕೇಳಿ. ಕಾಗದ ಬೇಡ ಅನ್ನುವುದಿಲ್ಲ, ವ್ಯಾಪಾರದವಳು ನಾನು, ಬರೆಸಿ. ಗಂಟೆ ಬರೆಸಬೇಡಿ, ಇಷ್ಟು ಮಡಿ, ಇಷ್ಟು ಬಳ್ಳಿ, ಇಷ್ಟು ಕೊಡ ಅಂತ ಬರೆಸಿ. ಕರೆಂಟು ಹೋದರೆ ಪಾಳಿ ನಿಲ್ಲುತ್ತದೆ ಅಂತ ಬರೆಸಿ. ನೀರಿನ ಪಾಲು ಮಾರುವುದಾದರೆ ಮೊದಲು ಪಕ್ಕದವರನ್ನೇ ಕೇಳಬೇಕು ಅಂತ ಬರೆಸಿ, ಬರೆಯುವವರು ಸ್ವಂತ ತಂದೆಯಾದರೂ ಕೊನೆಯ ಸಾಲನ್ನು ಎರಡು ಸಲ ಓದಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಪಕ್ಕದ ಮನೆಯ ಮುಂದೆ ಗುರುತಿಲ್ಲದ ಜೀಪು ನಿಲ್ಲುತ್ತದೆ. ಆಗ ಮನೆಯಲ್ಲಿ ಯಾರು ಎಷ್ಟೇ ಜಾಣತನದ ಮಾತು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಹೋಗಿ. ಬರಿಗೈಯಲ್ಲಾದರೂ ಹೋಗಿ. ಬಾಗಿಲಲ್ಲಿ ಕೂತು ಬೇಡ ಅನ್ನಿ. ಬೇಡ ಅನ್ನಿಸಿಕೊಳ್ಳುವುದಕ್ಕೇ ಅವರು ಕೂತಿರುತ್ತಾರೆ, ಆದರೆ ಎರಡು ದಿನ ಮಾತ್ರ.